ಗ್ರಂಥಶೋಧದಲ್ಲಿ ಜಾಲವಿಳಾಸಗಳ ಸರತಿ: ಗೋಕಾಕ, ಮೂಡಲಗಿ, ಹುಕ್ಕೇರಿಗಳ ನಿದರ್ಶನ

ಗ್ರಂಥಸಂಪಾದನೆಯಲ್ಲಿ ತೊಡಗುವವನಿಗೆ ಪ್ರತಿಗಳೆಷ್ಟು ಎಂಬುದೇ ಮೊದಲ ಪ್ರಶ್ನೆ. ಒಂದೇ ಓಲೆಕಟ್ಟು ಎರಡು ಸೂಚಿಗಳಲ್ಲಿ ಎರಡು ಬಗೆಯಾಗಿ ದಾಖಲಾಗಿದ್ದು, ಸಂಪಾದಕನು ಅದನ್ನರಿಯದೆ ಒಂದಕ್ಕೆ ‘ಕ’ ಎಂದೂ ಇನ್ನೊಂದಕ್ಕೆ ‘ಖ’ ಎಂದೂ ಸಂಕೇತವಿತ್ತರೆ, ಎರಡು ಪ್ರತಿಗಳ ಸಮ್ಮತಿಯೆಂದು ಅವನು ಸ್ವೀಕರಿಸುವ ಪಾಠಕ್ಕೆ ವಸ್ತುತಃ ಒಂದೇ ಆಧಾರವಿರುತ್ತದೆ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ‘ಕೃತಿಸಂಪದ’ವನ್ನು ಸಿದ್ಧಪಡಿಸಿದಂದಿನಿಂದ ಸೂಚಿಗಳು ಜಾಲತಾಣಗಳಿಗೆ ಏರಿವೆ, ಅವನ್ನು ಪುಟಪುಟವಾಗಿ ಓದಿ ಸಂಗ್ರಹಿಸುವ ಕಾರ್ಯವನ್ನು ಗಣಕಕ್ಕೆ ಒಪ್ಪಿಸುವ ಪದ್ಧತಿಯೂ ಬೆಳೆದಿದೆ. ಹಳೆಯ ದೋಷಕ್ಕೆ ಇದರಿಂದ ಹೊಸದೊಂದು ಬಾಗಿಲು ತೆರೆದಂತಾಗಿದೆ.

ಇಂತಹ ಸಂಗ್ರಾಹಕ ಕ್ರಮವಿಧಿಯ ಹೃದಯಸ್ಥಾನದಲ್ಲಿರುವುದು ವಿಳಾಸಗಳ ಸರತಿ. ಕೆಲವು ಬೀಜವಿಳಾಸಗಳನ್ನು ಮೊದಲು ಅದರಲ್ಲಿ ಇರಿಸಲಾಗುತ್ತದೆ. ಕ್ರಮವಿಧಿಯು ತಲೆಯಲ್ಲಿರುವ ವಿಳಾಸವನ್ನು ತೆಗೆದು, ಆ ಪುಟವನ್ನು ತರಿಸಿ, ವಿವರಗಳನ್ನು ಬರೆದುಕೊಂಡು, ಅಲ್ಲಿ ಕಂಡ ಹೊಸ ವಿಳಾಸಗಳನ್ನು ಸರತಿಯ ಬಾಲಕ್ಕೆ ಸೇರಿಸುತ್ತದೆ. ಕ್ಷೇತ್ರಕಾರ್ಯಕ್ಕೆ ಹೋದ ಪಂಡಿತನು ಕಲ್ಲೋಳಿಯ ಬಸದಿಯಲ್ಲಿರುವಾಗ ಹುಕ್ಕೇರಿ ಕಡೆಯ ಮನೆಯೊಂದರಲ್ಲಿ ಓಲೆಗರಿಗಳಿವೆ ಎಂದು ಯಾರಾದರೂ ಹೇಳಿದರೆ, ಕೂಡಲೇ ಎದ್ದು ಹೊರಡುವುದಿಲ್ಲ. ದಿನಚರಿಯ ಕೊನೆಯಲ್ಲಿ ಗುರುತಿಸಿಕೊಂಡು ಕೈಯಲ್ಲಿರುವ ಕಟ್ಟನ್ನು ಮುಗಿಸುತ್ತಾನೆ. ಸರತಿಯ ನಿಯಮವೂ ಇದೇ. ಕೇಳಿದಲ್ಲಿಗೆಲ್ಲ ಆಗಲೇ ಓಡುವ ಕ್ರಮವಿಧಿಯು, ‘ಮುಂದಿನ ಪುಟ’ ಎಂಬ ಕೊಂಡಿ ಎಂದೂ ಮುಗಿಯದ ತಾಣವೊಂದಕ್ಕೆ ಸಿಕ್ಕಿದರೆ ಹಿಂದಿರುಗುವುದೇ ಇಲ್ಲ.

ಬೀಜವಿಳಾಸಗಳ ಆಯ್ಕೆಗೆ ಸ್ಥಳಪರಿಚಯ ಅವಶ್ಯ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ, ಶಕ 1127ರ ಜೈನಶಾಸನವನ್ನು ಫ್ಲೀಟರು ‘ಕಲ್ಹೋಳಿ’ ಎಂಬ ರೂಪದಿಂದ ಪ್ರಕಟಿಸಿದರು. ಊರಿನವರಿಗೆ ಅದು ಕಲ್ಲೋಳಿ. ಹಳೆಯ ಸೂಚಿಗಳಲ್ಲಿ ಆ ಊರು ಗೋಕಾಕ ತಾಲೂಕಿನದು. ಮೂಡಲಗಿ ಪ್ರತ್ಯೇಕ ತಾಲೂಕಾದ ಮೇಲಿನ ದಾಖಲೆಗಳಲ್ಲಿ ಮೂಡಲಗಿಯದು. ಜಿಲ್ಲೆಯ ಹೆಸರೂ 2014ರಲ್ಲಿ ಬೆಳಗಾಂ ಹೋಗಿ ಬೆಳಗಾವಿಯಾಯಿತು. ಮೂಡಲಗಿಯೆಂಬ ಒಂದೇ ಹೆಸರಿನಿಂದ ಹುಡುಕುವ ಕ್ರಮವಿಧಿಗೆ ಕಲ್ಲೋಳಿಯ ಹಳೆಯ ದಾಖಲೆಗಳು ದೊರೆಯಲಾರವು. ಅರ್ಹಂತರ ಪೂಜೆಗೆ ಭೂದಾನವನ್ನು ಹೇಳುವ ದೆಜ್ಜಮಹಾರಾಜನ ತಾಮ್ರಪಟವು ‘ಗೋಕಾಕ ತಾಮ್ರಪಟ’ವೆಂದೇ ಪ್ರಸಿದ್ಧವಾಗಿರುವುದರಿಂದ ಅಲ್ಲಿ ಈ ತೊಡಕು ಕಡಮೆ.

ಆದರೆ ಗೋಕಾಕವೆಂಬ ಹೆಸರಿನಲ್ಲಿಯೇ ಬೇರೊಂದು ತೊಡಕಿದೆ. ಕನ್ನಡದ ಪ್ರತಿಯೊಂದು ಸಂಕೇತವೂ ಯೂನಿಕೋಡ್ ಪದ್ಧತಿಯಲ್ಲಿ ಮೂರು ಬೈಟುಗಳನ್ನು ಹಿಡಿಯುತ್ತದೆ. ಜಾಲವಿಳಾಸದಲ್ಲಿ ಪ್ರತಿ ಬೈಟೂ ಶೇಕಡಾ ಚಿಹ್ನೆ ಸಹಿತ ಮೂರು ಅಕ್ಷರಗಳಾಗಿ ಬರೆಯಲ್ಪಡುತ್ತದೆ. ‘ಗೋಕಾಕ’ದಲ್ಲಿ ಐದು ಸಂಕೇತಗಳು, ವಿಳಾಸದಲ್ಲಿ ಅವು 45 ಅಕ್ಷರಗಳು. ಆದರೆ ‘ಗೋ’ದಲ್ಲಿಯ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಮೂರಾಗಿ ಒಡೆದೂ ಬರೆಯಬಹುದು. ಎರಡನೆಯ ರೀತಿಯಲ್ಲಿ ಅದೇ ಹೆಸರು 63 ಅಕ್ಷರಗಳಾಗುತ್ತದೆ. ‘ಹುಕ್ಕೇರಿ’ಯ ಏತ್ವಕ್ಕೂ ಇದೇ ದ್ವೈರೂಪ್ಯವಿದ್ದು, 72 ಮತ್ತು 81 ಅಕ್ಷರಗಳ ಎರಡು ರೂಪಗಳು ಸಾಧ್ಯ. ‘ಮೂಡಲಗಿ’ಗೆ ಮಾತ್ರ ಈ ಬಾಧೆಯಿಲ್ಲ. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆಬೇರೆ. ಲಿಪಿಕಾರನು ಬರೆಯದ ಪಾಠಾಂತರವಿದು!

ಆದ್ದರಿಂದ ಸರತಿಗೆ ಸೇರಿಸುವ ಮೊದಲು ವಿಳಾಸವನ್ನು ಪ್ರಮಾಣರೂಪಕ್ಕೆ ತರಬೇಕು. ಒಡೆದ ಸ್ವರಚಿಹ್ನೆಗಳನ್ನು ಕೂಡಿಸಬೇಕು. ತಾಣದ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವನ್ನು ಎಣಿಸಬಾರದು. ಹ್ಯಾಶ್ ಚಿಹ್ನೆಯ ಮುಂದಿನ ಭಾಗವು ಪುಟದೊಳಗಿನ ಸ್ಥಾನವನ್ನಷ್ಟೇ ಸೂಚಿಸುವುದರಿಂದ ಅದನ್ನು ಸಾಮಾನ್ಯವಾಗಿ ಬಿಡಬಹುದು. ಈ ಪ್ರಮಾಣರೂಪವು ಹೋಲಿಕೆಗೆ ಮಾತ್ರ. ಪುಟವನ್ನು ತರಿಸುವಾಗ ಮೂಲದಲ್ಲಿ ಕಂಡ ರೂಪವನ್ನೇ ಬಳಸುವುದು ಕ್ಷೇಮ. ಕೂಡಿಸಿದ ರೂಪವನ್ನು ಆ ತಾಣವು ಗುರುತಿಸದೆ ಇರಬಹುದು.

ಭೇಟಿಯಿತ್ತ ವಿಳಾಸಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಇಡಬೇಕು. ಸ್ಥಳವನ್ನು ಉಳಿಸಲು 1970ರಲ್ಲಿ ಬರ್ಟನ್ ಬ್ಲೂಮ್ ಸೂಚಿಸಿದ ಸೋಸುವಿಧಾನವನ್ನು ಬೃಹತ್ ಸಂಗ್ರಾಹಕಗಳು ಬಳಸುವುದುಂಟು. ಅದು ನೋಡಿದ್ದನ್ನು ನೋಡಿಲ್ಲವೆಂದು ಎಂದಿಗೂ ಹೇಳದು. ಆದರೆ ನೋಡದಿದ್ದುದನ್ನು ನೋಡಿದೆಯೆಂದು ಒಮ್ಮೊಮ್ಮೆ ಹೇಳುತ್ತದೆ. ಕೋಟ್ಯಂತರ ಪುಟಗಳ ನಡುವೆ ಕೆಲವು ತಪ್ಪಿದರೆ ವ್ಯಾಪಾರಿಗೆ ನಷ್ಟವಿಲ್ಲ. ಏಕೈಕ ಪ್ರತಿಯೊಂದರ ಪುಟ ತಪ್ಪಿದರೆ ಗ್ರಂಥಸಂಪಾದಕನಿಗೆ ಅದು ಸಾಮಾನ್ಯ ಹಾನಿಯಲ್ಲ. ಕೆಲವು ಸಾವಿರ ದಾಖಲೆಗಳ ಕಾರ್ಯಕ್ಕೆ ಪೂರ್ಣಪಟ್ಟಿಯೇ ಯೋಗ್ಯ.

ವಿಳಾಸಗಳ ಏಕತ್ವವನ್ನು ನಿರ್ಣಯಿಸುವುದಷ್ಟೇ ಸರತಿಯ ಅಧಿಕಾರವೆಂಬುದನ್ನು ಇಲ್ಲಿ ಗಮನಿಸಬೇಕು. ಎರಡು ಬೇರೆ ತಾಣಗಳ ದಾಖಲೆಗಳು ಒಂದೇ ಓಲೆಕಟ್ಟಿನವೇ ಎಂಬುದನ್ನು ಗರಿಗಳ ಸಂಖ್ಯೆ, ಪಂಕ್ತಿಗಳು, ಅಳತೆ, ಪುಷ್ಪಿಕೆ ಇವುಗಳಿಂದ ಪಂಡಿತನೇ ತೀರ್ಮಾನಿಸಬೇಕು. ಶೀರ್ಷಿಕೆ ಒಂದೇ ಎಂಬ ಕಾರಣಕ್ಕೆ ಕ್ರಮವಿಧಿಯು ಯಾವ ದಾಖಲೆಯನ್ನೂ ಕೈಬಿಡಕೂಡದು.

ಆತಿಥೇಯರ ವಿಷಯದಲ್ಲಿ ಸಂಯಮವೂ ಬೇಕು. ಚಿಕ್ಕ ಸಂಸ್ಥೆಯ ಗಣಕಕ್ಕೆ ಕ್ಷಣಕ್ಕೆ ಹತ್ತಾರು ಬೇಡಿಕೆಗಳು ಬಂದರೆ ಇತರ ಓದುಗರಿಗೆ ತಾಣವೇ ತೆರೆಯದಂತಾದೀತು. 1999ರಲ್ಲಿ ಹೇಡನ್ ಮತ್ತು ನಯೋರ್ಕ್ ವಿವರಿಸಿದ ‘ಮರ್ಕೇಟರ್’ ಸಂಗ್ರಾಹಕದಲ್ಲಿ ಒಂದು ತಾಣದ ವಿಳಾಸಗಳೆಲ್ಲ ಒಂದೇ ಸರತಿಗೆ ಸೇರುತ್ತಿದ್ದು, ಆ ತಾಣಕ್ಕೆ ಏಕಕಾಲದಲ್ಲಿ ಒಂದಕ್ಕಿಂತ ಹೆಚ್ಚು ಬೇಡಿಕೆಗಳು ಹೋಗದಂತೆ ನೋಡಿಕೊಳ್ಳಲಾಗುತ್ತಿತ್ತು. ಯಾವ ಪುಟಗಳಿಗೆ ಯಂತ್ರಗಳು ಬರಬಾರದೆಂದು ತಾಣದವರೇ ಸೂಚಿಸುವ ಸಂಪ್ರದಾಯವು 1994ರಿಂದಲೂ ಇದೆ. 2022ರಲ್ಲಿ ಅದನ್ನು ವಿಧಿವತ್ತಾಗಿ ದಾಖಲಿಸಲಾಯಿತು. ಭಂಡಾರದ ಬೀಗದ ಕೈಯನ್ನು ಕೇಳಿ ಪಡೆಯುವ ರೂಢಿಯುಳ್ಳವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸರತಿಯನ್ನು ಗಣಕದ ತಾತ್ಕಾಲಿಕ ಸ್ಮೃತಿಯಲ್ಲಷ್ಟೇ ಇರಿಸಿದರೆ ವಿದ್ಯುತ್ ಹೋದೊಡನೆ ಅದು ಅಳಿಯುತ್ತದೆ. ಪ್ರತಿ ಹೆಜ್ಜೆಯನ್ನೂ ತಟ್ಟೆಯ ಮೇಲೆ ಬರೆದಿಡಬೇಕು. ವಿಫಲವಾದ ವಿಳಾಸಗಳಲ್ಲಿಯೂ ವಿವೇಚನೆ ಬೇಕು. 503 ಎಂಬ ಉತ್ತರಕ್ಕೆ ತಾಣವು ಸದ್ಯಕ್ಕೆ ಸೇವೆ ನೀಡಲಾರದು ಎಂದರ್ಥ. ಅಂತಹ ವಿಳಾಸವನ್ನು ಬಿಡುವನ್ನು ಇಮ್ಮಡಿಸುತ್ತ ಮತ್ತೆ ಬಾಲಕ್ಕೆ ಸೇರಿಸಬೇಕು. 404 ಎಂದರೆ ಆ ವಿಳಾಸದಲ್ಲಿ ಪುಟ ದೊರೆಯಲಿಲ್ಲವೆಂದಷ್ಟೇ; ಅಲ್ಲಿ ನಿರ್ದೇಶಿತವಾಗಿದ್ದ ಹಸ್ತಪ್ರತಿಯು ನಷ್ಟವಾಯಿತೆಂದಲ್ಲ. ಅಂತಹ ವಿಳಾಸವನ್ನು ಅಳಿಸದೆ, ಯತ್ನಿಸಿದ ದಿನಾಂಕವನ್ನೂ ಅದು ಯಾವ ಪುಟದಲ್ಲಿ ಕಂಡಿತೆಂಬುದನ್ನೂ ಬರೆದು ಬೇರೆ ಪಟ್ಟಿಯಲ್ಲಿ ಕಾಯ್ದಿರಿಸಬೇಕು. ಪ್ರತಿಯನ್ನರಸಿ ಊರಿಗೆ ಹೋಗುವವನಿಗೆ ಉಪಯೋಗಕ್ಕೆ ಬರುವುದು ಆ ಪಟ್ಟಿಯೇ.