ವರದಿಯೊಪ್ಪಿಸದ ಮೊಬೈಲು

ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಮೊಬೈಲು ಯಾವ ಕೆಲಸವನ್ನೂ ಮಾಡುತ್ತಿಲ್ಲವೆಂದೇ ನಾವು ತಿಳಿದಿರುತ್ತೇವೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಡಗ್ಲಸ್ ಶ್ಮಿಟ್ ಅವರು 2018ರಲ್ಲಿ ಪ್ರಕಟಿಸಿದ ವರದಿಯನ್ನು ಓದಿದವರು ಹಾಗೆ ತಿಳಿಯಲಾರರು. ಕ್ರೋಮ್ ಹಿನ್ನೆಲೆಯಲ್ಲಿ ತೆರೆದಿದ್ದ, ಯಾರೂ ಮುಟ್ಟದೆ ಒಂದೇ ಕಡೆ ಇರಿಸಿದ್ದ ಆಂಡ್ರಾಯ್ಡ್ ಫೋನು 24 ಗಂಟೆಗಳಲ್ಲಿ 340 ಸಾರಿ ತನ್ನ ನೆಲೆಯ ಸಮಾಚಾರವನ್ನು ಗೂಗಲ್ ಸಂಸ್ಥೆಗೆ ಕಳುಹಿಸಿತ್ತು! ಆಪಲ್ ಫೋನು ಇದಕ್ಕೆ ಹೊರತೆಂದು ಭಾವಿಸುವವರುಂಟು. 2021ರಲ್ಲಿ ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನ ಡಗ್ಲಸ್ ಲೀತ್ ಅವರು ಎರಡನ್ನೂ ಅಳೆದು ನೋಡಿದಾಗ, ಎರಡೂ ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತಂತಮ್ಮ ಒಡೆಯರಿಗೆ ಸುದ್ದಿ ಮುಟ್ಟಿಸುತ್ತಿದ್ದುವು.

ಇದನ್ನು ತಪ್ಪಿಸಲು ಸಾಧ್ಯವೆ? ಸಾಧ್ಯವುಂಟು, ಏಕೆಂದರೆ ಆಂಡ್ರಾಯ್ಡ್‌ನ ತಳಹದಿ ಬಹಿರಂಗವಾದುದು. ಅದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಗುಟ್ಟಾಗಿರುವುದು ಅದರ ಮೇಲೆ ಕುಳಿತಿರುವ 'ಪ್ಲೇ ಸರ್ವಿಸಸ್' ಎಂಬ ಭಾಗ. ಇದನ್ನು ಬಿಟ್ಟು ತಳಹದಿಯೊಂದನ್ನೇ ಬಳಸುವ ವ್ಯವಸ್ಥೆಗಳು ಹಲವಿವೆ. 2016ರ ಕೊನೆಯಲ್ಲಿ ಹುಟ್ಟಿದ ಲೀನಿಯೇಜ್ ಓಎಸ್ ಅವುಗಳಲ್ಲೊಂದು. ಗ್ರಾಫೀನ್ ಓಎಸ್ ಇನ್ನೂ ಜಾಣತನದ್ದು. ಬೇಕೆನ್ನುವವರಿಗೆ ಅದು ಪ್ಲೇ ಸರ್ವಿಸಸ್ಸನ್ನು ಕೊಡುತ್ತದೆ, ಆದರೆ ವಿಶೇಷಾಧಿಕಾರಗಳನ್ನು ಕಿತ್ತುಕೊಂಡು. ಮನೆಯ ಬೀಗದ ಕೈಗಳೆಲ್ಲವನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದವನನ್ನು ಜಗಲಿಯಲ್ಲಿ ಕೂರಿಸಿದಂತೆ ಇದು. ವಿನೋದವೆಂದರೆ, ಈ ವ್ಯವಸ್ಥೆ ಬೆಳೆದುಬಂದಿರುವುದು ಗೂಗಲ್ ತಯಾರಿಸುವ ಪಿಕ್ಸೆಲ್ ಫೋನುಗಳಲ್ಲಿ! ಹೊರಗಿನವರ ವ್ಯವಸ್ಥೆಯನ್ನು ತುಂಬಿದ ಮೇಲೆಯೂ ಫೋನಿನ ಬೀಗವನ್ನು ಮತ್ತೆ ಭದ್ರವಾಗಿ ಹಾಕಲು ಅವು ಅವಕಾಶ ಕೊಡುತ್ತವೆ.

ಬದಲಾವಣೆಗೆ ತೆರಬೇಕಾದ ಬೆಲೆಯನ್ನೂ ಹೇಳಬೇಕು. ಮೊದಲಿನ ಬೀಗವನ್ನು ತೆಗೆದೊಡನೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಚಿತ್ರಗಳನ್ನೂ ವಿಳಾಸಗಳನ್ನೂ ಮೊದಲೇ ಬೇರೆಡೆ ಇಟ್ಟಿರತಕ್ಕದ್ದು. ಸಾಮಾನ್ಯ ಫೋನಿನಲ್ಲಿ ಬಹುತೇಕ ಆ್ಯಪುಗಳ ಸೂಚನೆಗಳು ಗೂಗಲ್ ಮೂಲಕ ಒಂದೇ ಸಂಪರ್ಕದಲ್ಲಿ ಬರುತ್ತವೆ. ಅದು ಇಲ್ಲವಾದಾಗ ಪ್ರತಿಯೊಂದು ಆ್ಯಪೂ ತನ್ನದೇ ಸಂಪರ್ಕವನ್ನು ಎಚ್ಚರವಾಗಿರಿಸಿಕೊಳ್ಳಬೇಕು. ಬ್ಯಾಟರಿ ಬೇಗ ಬರಿದಾಗುತ್ತದೆ, ಇಲ್ಲವೆ ಸೂಚನೆ ತಡವಾಗುತ್ತದೆ. ಭೂಪಟಕ್ಕಂತೂ ಚಿಂತೆಯಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಆ್ಯಪುಗಳು ಜಾಲವಿಲ್ಲದೆಯೂ ದಾರಿ ತೋರಿಸುತ್ತವೆ.

ನಮ್ಮ ದೇಶದಲ್ಲಿ ನಿಜವಾದ ತೊಡಕು ಹಣದ ವ್ಯವಹಾರದ್ದು. ಫೋನಿನಲ್ಲಿರುವ ವ್ಯವಸ್ಥೆ ಗೂಗಲ್ ಒಪ್ಪಿದುದೇ ಎಂದು ವಿಚಾರಿಸಿಕೊಂಡ ಹೊರತು ಕೆಲವು ಬ್ಯಾಂಕಿನ ಆ್ಯಪುಗಳು ತೆರೆಯುವುದೇ ಇಲ್ಲ. ತರಕಾರಿಯವಳಿಗೂ ಯುಪಿಐ ಮೂಲಕವೇ ಹಣ ಕೊಡುವ ವಾಚಕರು, ತಮ್ಮ ಆ್ಯಪು ಹೊಸ ವ್ಯವಸ್ಥೆಯಲ್ಲಿ ನಡೆಯುವುದೆಂದು ಖಚಿತವಾಗುವವರೆಗೆ ಹಳೆಯ ಫೋನನ್ನು ಕೊಡಬಾರದೆಂದೇ ನಮ್ಮ ಸಲಹೆ.

ಇಷ್ಟೆಲ್ಲ ಮಾಡಿದರೂ ಸಿಮ್ ಇರುವವರೆಗೆ ನಾವು ಯಾವ ಗೋಪುರದ ಬಳಿ ಇದ್ದೇವೆಂಬುದು ದೂರವಾಣಿ ಕಂಪನಿಗೆ ತಿಳಿದೇ ತಿಳಿಯುತ್ತದೆ. ಅದು ತಿಳಿಯದಿದ್ದರೆ ನಮಗೆ ಬಂದ ಕರೆಯನ್ನು ಎಲ್ಲಿಗೆ ಕಳುಹಿಸಬೇಕೆಂಬುದೇ ಅದಕ್ಕೆ ಗೊತ್ತಾಗದು.