ಬಣ್ಣದ ಬೇಲಿ ಕಟ್ಟುವವರು

ಲಗೋರಿ ಆಡಿ ಬೆಳೆದವರಿಗೆ ಆ ಜಗಳ ನೆನಪಿರುತ್ತದೆ. ಚೆಂಡು ಬೆನ್ನಿಗೆ ಬಿತ್ತೋ, ಅಂಗಿಯ ಅಂಚು ಸವರಿಕೊಂಡು ಹೋಯಿತೋ? 'ತಾಗಿತು' ಅಂತ ಒಂದು ಗುಂಪು, 'ಇಲ್ಲ, ದೇವರಾಣೆ' ಅಂತ ಇನ್ನೊಂದು. ಪೇಂಟ್‌ಬಾಲ್ ಆಟದಲ್ಲಿ ಈ ಜಗಳಕ್ಕೆ ಬಣ್ಣವೇ ಸಾಕ್ಷಿ. ಸುಮಾರು ಮೂರು ಗ್ರಾಂ ತೂಕದ, ಗೋಲಿಯಷ್ಟು ದಪ್ಪದ ಜೆಲಟಿನ್ ಗುಂಡು ಮೈಮೇಲೆ ಒಡೆದು ನಾಣ್ಯದಗಲ ಬಣ್ಣ ಬಿಟ್ಟರೆ ಔಟ್. ಒಡೆಯದೆ ಪುಟಿದುಹೋದರೆ, ಎಷ್ಟೇ ಉರಿದರೂ, ಆಟ ಮುಂದುವರಿಯುತ್ತದೆ.

ಬಂದೂಕಿನಂಥ ಯಂತ್ರ ಕೈಯಲ್ಲಿರುವುದರಿಂದ ಇದು ಗುರಿಕಾರರ ಆಟ ಎಂದೇ ನೋಡುವವರು ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಕೆಲವು ವರ್ಷಗಳ ಹಿಂದೆ ಆಫೀಸಿನವರೊಂದಿಗೆ ಬೆಂಗಳೂರಿನ ಹೊರವಲಯದ ಮೈದಾನವೊಂದಕ್ಕೆ ಹೋಗಿದ್ದೆ. ಸೀಟಿ ಊದಿದ್ದೇ ತಡ, ನಮ್ಮ ಕಡೆಯ ಐದೂ ಜನ ಒಟ್ಟಿಗೆ ಮುಂದೆ ನುಗ್ಗಿದೆವು. ಒಂದೇ ನಿಮಿಷದಲ್ಲಿ ಐದೂ ಜನ ಹೊರಗೆ. ಆಟ ನೋಡಿಕೊಳ್ಳುತ್ತಿದ್ದ ಹುಡುಗ ನೀರು ಕೊಡುತ್ತ ಹೇಳಿದ: 'ಎಲ್ರೂ ಮುಂದಕ್ಕೇ ಓಡಿದ್ರೆ ಹೇಳೋರು ಯಾರು ಸಾರ್? ಒಬ್ರು ಹಿಂದೆ ನಿಂತ್ಕೊಂಡು ಕೂಗ್ಬೇಕು.' ಮುಂದಿನ ಸುತ್ತಿನಲ್ಲಿ ಒಬ್ಬರನ್ನು ಹಿಂದೆ ನಿಲ್ಲಿಸಿದೆವು. ಗುರಿ ಹಿಡಿಯುವುದು ನಮಗ್ಯಾರಿಗೂ ಮೊದಲಿಗಿಂತ ಚೆನ್ನಾಗಿ ಬಂದಿರಲಿಲ್ಲ, ಆದರೂ ಆಟ ಹತ್ತು ನಿಮಿಷ ಎಳೆಯಿತು. ಅಂದಿನಿಂದ ಈ ಆಟದಲ್ಲಿ ಯಾರು ಹೊಡೆದರು ಎನ್ನುವುದಕ್ಕಿಂತ ಯಾರು ಎಲ್ಲಿ ನಿಂತಿದ್ದರು ಎನ್ನುವುದನ್ನೇ ನಾನು ನೋಡುತ್ತ ಬಂದಿದ್ದೇನೆ.

ಆಟದ ಹುಟ್ಟಿನಲ್ಲೇ ಈ ಮಾತಿಗೆ ಪುರಾವೆಯಿದೆ. ಅಮೆರಿಕದಲ್ಲಿ ಅರಣ್ಯ ಇಲಾಖೆಯವರು ಕಡಿಯಬೇಕಾದ ಮರಗಳಿಗೆ, ದನ ಸಾಕುವವರು ತಮ್ಮ ದನಗಳಿಗೆ ದೂರದಿಂದಲೇ ಗುರುತು ಹಾಕಲು ನೆಲ್ಸನ್ ಪೇಂಟ್ ಕಂಪನಿಯ 'ನೆಲ್‌ಸ್ಪಾಟ್ 007' ಎಂಬ ಬಣ್ಣದ ಪಿಸ್ತೂಲನ್ನು ಬಳಸುತ್ತಿದ್ದರು. ಕಾಡಿನಲ್ಲಿ ಬದುಕಿ ಉಳಿಯುವ ಜಾಣತನ ಪೇಟೆಯವನಿಗೆ ಹೆಚ್ಚೋ ಹಳ್ಳಿಯವನಿಗೆ ಹೆಚ್ಚೋ ಎಂದು ಷೇರು ವ್ಯಾಪಾರಿ ಹೇಯ್ಸ್ ನೋಯೆಲ್‌ಗೂ ಲೇಖಕ ಚಾರ್ಲ್ಸ್ ಗೇನ್ಸ್‌ಗೂ ವಾದ ನಡೆದಿತ್ತು. ಸ್ಕೀ ಅಂಗಡಿಯ ಬಾಬ್ ಗರ್ನ್ಸಿ ಅವರ ಜೊತೆ ಸೇರಿದರು. 1981ರ ಜೂನ್ 27ರಂದು ನ್ಯೂಹ್ಯಾಂಪ್‌ಷೈರಿನ ಹೆನಿಕರ್ ಎಂಬಲ್ಲಿ 12 ಜನ ಆ ಪಿಸ್ತೂಲು ಹಿಡಿದು ಕಾಡಿಗಿಳಿದರು. ಅಲ್ಲಲ್ಲಿ ನೆಟ್ಟಿದ್ದ ಬೇರೆ ಬೇರೆ ಬಣ್ಣದ ಬಾವುಟಗಳನ್ನು ಮೊದಲು ಕೂಡಿಸಿ ತಂದವನು ಗೆದ್ದ ಹಾಗೆ. ಗೆದ್ದವರು ರಿಚಿ ವೈಟ್, ಅರಣ್ಯದ ಕೆಲಸ ಬಲ್ಲವರು. ಆ ದಿನವಿಡೀ ಅವರು ಒಂದು ಗುಂಡನ್ನೂ ಹಾರಿಸಲಿಲ್ಲ. ಯಾರ ಕಣ್ಣಿಗೂ ಬೀಳದೆ ಮರದಿಂದ ಮರಕ್ಕೆ ಸರಿದು ಬಾವುಟ ಕಿತ್ತುಕೊಂಡು ಬಂದರು.

ಅಲ್ಲಿ ಪ್ರತಿಯೊಬ್ಬನೂ ತನಗಾಗಿ ಆಡಿದ. ಎರಡು ಪಂಗಡ ಕಟ್ಟಿ ಒಬ್ಬರ ಬಾವುಟ ಇನ್ನೊಬ್ಬರು ಕದಿಯುವ ಆಟ ಬೆಳೆದ ಮೇಲೆ ಕೆಲಸಗಳು ಹಂಚಿಹೋದವು. 1990ರ ದಶಕದ ಕೊನೆಯ ಹೊತ್ತಿಗೆ ಪಂದ್ಯಗಳು ಕಾಡು ಬಿಟ್ಟು ಬಯಲಿಗೆ ಬಂದವು. ಹುಲ್ಲಿನ ಮೇಲೆ ಗಾಳಿ ತುಂಬಿದ ದಪ್ಪ ಬಟ್ಟೆಯ ಮರೆಗಳು, ಅಂದರೆ ಬಂಕರುಗಳು; ಮೈದಾನದ ಎಡಬಲಗಳಲ್ಲಿ ಪ್ರೇಕ್ಷಕರು ನಿಲ್ಲಲು ಬಲೆಯ ಗೋಡೆ. ಇಂದಿನ ಪಂದ್ಯದ ಮೈದಾನ ಸುಮಾರು 45 ಮೀಟರ್ ಉದ್ದ, 36 ಮೀಟರ್ ಅಗಲ. ಈ ತುದಿಯ ಬಂಕರುಗಳಿಗೆ ಆ ತುದಿಯಲ್ಲಿ ಕನ್ನಡಿಯ ಬಿಂಬದಂತೆ ಜೋಡಿ ಇರುವುದರಿಂದ ಯಾರಿಗೂ ಹೆಚ್ಚುಗಾರಿಕೆಯಿಲ್ಲ. ಒಂದೊಂದು ಕಡೆ ಐದೈದು ಜನ. ಎದುರಾಳಿಯ ನೆಲೆಯಲ್ಲಿರುವ ಬಜರ್ ಒತ್ತಿದರೆ ಒಂದು ಪಾಯಿಂಟ್. ಒಂದು ಪಾಯಿಂಟ್ ಕೆಲವೊಮ್ಮೆ ನಾಲ್ಕೈದು ನಿಮಿಷ ನಡೆಯುತ್ತದೆ, ಕೆಲವೊಮ್ಮೆ ಅರ್ಧ ನಿಮಿಷಕ್ಕೇ ಮುಗಿಯುತ್ತದೆ.

ಐವರಲ್ಲಿ ಹಿಂದೆ ನಿಲ್ಲುವವನನ್ನು ಬ್ಯಾಕ್ ಎನ್ನುತ್ತಾರೆ. ಹೊರಟ ಜಾಗಕ್ಕೆ ಹತ್ತಿರದ, ಎದ್ದು ನಿಂತರೂ ಮೈ ಮುಚ್ಚುವ ಎತ್ತರದ ಬಂಕರು ಅವನದು. ಇಡೀ ಮೈದಾನ ಅವನ ಕಣ್ಣಳತೆಯಲ್ಲಿರುತ್ತದೆ. ಆಟ ಶುರುವಾಗುವ ಬಜರ್ ಬಡಿದ ಕೂಡಲೇ ಜೊತೆಗಾರರು ಎಡಕ್ಕೂ ಬಲಕ್ಕೂ ಓಡುತ್ತಾರೆ. ಅವನು ಓಡುವುದಿಲ್ಲ. ಮೊದಲೇ ಆರಿಸಿಕೊಂಡ ಒಂದು ಸಂದಿಗೆ, ಎದುರಾಳಿ ಇನ್ನೊಂದು ಕ್ಷಣದಲ್ಲಿ ದಾಟಲೇಬೇಕಾದ ಎರಡು ಬಂಕರುಗಳ ನಡುವಿನ ಬರಿಗಾಳಿಗೆ, ಒಂದೇ ಸಮನೆ ಗುಂಡು ಸುರಿಯಲಾರಂಭಿಸುತ್ತಾನೆ. ಇದಕ್ಕೆ ಲೇನ್ ಹಾಕುವುದು ಎಂಬ ಹೆಸರು. ಆ ಗಳಿಗೆಯಲ್ಲಿ ಅವನ ಗುರಿ ಯಾವ ಮನುಷ್ಯನೂ ಅಲ್ಲ.

ಇದರ ಹಿಂದಿನ ಲೆಕ್ಕ ನೋಡಿ. ಗುಂಡಿನ ವೇಗಕ್ಕೆ ಸಾಮಾನ್ಯವಾಗಿ ಸೆಕೆಂಡಿಗೆ 300 ಅಡಿಯ ಮಿತಿಯಿದೆ. ಅಂದರೆ ಸುಮಾರು 91 ಮೀಟರ್. ಅದನ್ನು ಅಳೆಯದೆ ಯಾವ ಮಾರ್ಕರನ್ನೂ ಮೈದಾನಕ್ಕೆ ಬಿಡುವುದಿಲ್ಲ. (ಬಂದೂಕು ಎನ್ನದೆ ಮಾರ್ಕರ್ ಎನ್ನುವುದು ಆಟಗಾರರ ರೂಢಿ, ಮರಕ್ಕೆ ಗುರುತು ಹಾಕುತ್ತಿದ್ದ ಕಾಲದ ನೆನಪು ಆ ಹೆಸರಿನಲ್ಲಿ ಉಳಿದಿದೆ.) ದೊಡ್ಡ ಲೀಗುಗಳಲ್ಲಿ ಸೆಕೆಂಡಿಗೆ ಹತ್ತು ಗುಂಡಿನ ಆಸುಪಾಸಿನಲ್ಲಿ ಇನ್ನೊಂದು ಮಿತಿ. ಜೋರಾಗಿ ಓಡುವವನು ಸೆಕೆಂಡಿಗೆ ಆರು ಮೀಟರ್ ದಾಟುತ್ತಾನೆ ಎಂದಿಟ್ಟುಕೊಂಡರೆ, ಒಂದು ಗುಂಡಿಗೂ ಮುಂದಿನ ಗುಂಡಿಗೂ ನಡುವೆ ಅವನು ಸರಿಯುವುದು ಅರವತ್ತು ಸೆಂಟಿಮೀಟರ್. ಕೈಯಲ್ಲಿ ಮಾರ್ಕರು, ಬೆನ್ನ ಹಿಂದೆ ಗುಂಡಿನ ಡಬ್ಬಿ, ಬಾಗಿದ ಮೈ ಎಲ್ಲ ಸೇರಿ ಅವನ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಸರಿಯಾದ ಎತ್ತರದಲ್ಲಿ ಬಿದ್ದ ಲೇನ್ ಕಣ್ಣಿಗೆ ಕಾಣದ ಬೇಲಿಯಿದ್ದಂತೆ. ಬೇಲಿ ಹಾಕಿದವನು ಹೊಡೆಯಬೇಕಿಲ್ಲ, ಓಡುವವನೇ ಬಂದು ಸಿಕ್ಕಿಬೀಳುತ್ತಾನೆ. ಸಿಕ್ಕಿಬೀಳದಿದ್ದರೂ ಓಟ ತಡೆದು ನಡುವಿನ ಸಣ್ಣ ಬಂಕರಿಗೇ ತೃಪ್ತಿಪಟ್ಟರೆ ಬೇಲಿಯ ಕೆಲಸ ಆಯಿತು. ಒಂದು ಪಾಯಿಂಟಿನಲ್ಲಿ ಹಾರುವ ನೂರಾರು ಗುಂಡುಗಳಲ್ಲಿ ಮೈಗೆ ತಾಗುವಂಥವು ಬೆರಳೆಣಿಕೆಯವು. ಉಳಿದವನ್ನು ವ್ಯರ್ಥ ಎಂದು ಬರೆದುಬಿಟ್ಟರೆ ಆಟ ಅರ್ಥವಾಗಲಿಲ್ಲ ಎಂದೇ ಹೇಳಬೇಕು.

ಯಾರ ಸೊಂಟದಲ್ಲಿ ಎಷ್ಟು ಪಾಡ್ ಇದೆ ಎಂದು ನೋಡಿದರೂ ಅವರ ಸ್ಥಾನ ಹೇಳಬಹುದು. ಮಾರ್ಕರಿನ ಮೇಲಿನ ಲೋಡರಿನಲ್ಲಿ ಸುಮಾರು 200 ಗುಂಡು ಹಿಡಿಯುತ್ತವೆ. ಅದು ಬರಿದಾದಾಗ ಸುರಿದುಕೊಳ್ಳಲು ತರುವ ಉದ್ದನೆಯ ಪ್ಲಾಸ್ಟಿಕ್ ಕೊಳವೆಗೆ ಪಾಡ್ ಎನ್ನುತ್ತಾರೆ, ಒಂದೊಂದರಲ್ಲೂ ಸುಮಾರು 140. ಹಿಂದಿನವನು ಸಾಲು ಪಾಡ್ ಕಟ್ಟಿಕೊಂಡು ಬರುತ್ತಾನೆ. ಮುಂದೆ ಓಡುವವನಿಗೆ ಎರಡೋ ಮೂರೋ ಸಾಕು. ಹೊಟ್ಟೆಯ ಮೇಲೆ ತೆವಳುವವನಿಗೆ ಬೆನ್ನ ಮೇಲೆ ಎದ್ದು ನಿಂತ ಪಾಡ್ ಎಂದರೆ ಎದುರಾಳಿಗೆ ತೋರಿಸಿಕೊಟ್ಟ ಗುರಿ.

ಲೇನ್ ಹಾಕುವುದಕ್ಕಿಂತ ಹಿರಿದಾದ ಕೆಲಸ ಹಿಂದಿನವನ ಗಂಟಲಿನದು. ಬಂಕರಿನ ಹಿಂದೆ ಅಡಗಿದವನಿಗೆ ಕಾಣುವುದು ಒಂದು ಸೀಳು ಮಾತ್ರ. ಎದುರು ಯಾರು ಎಲ್ಲಿ ಕೂತರು, ಯಾರು ತಲೆ ತಗ್ಗಿಸಿ ಗುಂಡು ತುಂಬಿಕೊಳ್ಳುತ್ತಿದ್ದಾರೆ, ಯಾವ ಕಡೆ ಈಗ ಖಾಲಿ ಎಂಬುದನ್ನು ಹಿಂದಿನವನು ಕಂಡು ಕೂಗಬೇಕು. ನಡುವಿನವನು ಕೇಳಿಸಿಕೊಂಡು ಅದನ್ನೇ ಮುಂದಕ್ಕೆ ಕೂಗಬೇಕು. ಪ್ರತಿ ಬಂಕರಿಗೂ ಹೆಸರಿದೆ. ಎದುರಾಳಿಯ ಎಷ್ಟು ಜನ ಉರುಳಿದರು ಎಂದು ತಿಳಿಸಲು ಹಲವು ತಂಡಗಳಲ್ಲಿ 'ಜಿ ಒನ್', 'ಜಿ ಟೂ' ಎಂಬ ಸಂಕೇತವಿದೆ. 'ಜಿ ತ್ರೀ' ಎಂದು ಕೇಳಿತೋ, ಎದುರಿಗೆ ಇಬ್ಬರೇ ಉಳಿದಿದ್ದಾರೆ, ನುಗ್ಗಬಹುದು. ಮೈದಾನದ ಪಕ್ಕ ನಿಂತು ಕಣ್ಣು ಮುಚ್ಚಿಕೊಂಡರೂ ಯಾವ ತಂಡ ಮೇಲುಗೈಯಲ್ಲಿದೆ ಎಂದು ಹೇಳಬಹುದು. ಸೋಲುವ ಕಡೆ ಮೊದಲು ಸುಮ್ಮನಾಗುತ್ತದೆ.

ಕಬಡ್ಡಿಯಲ್ಲಿ ರೈಡರನ ಹೆಸರು ಮನೆಮಾತು. ಕಾಲಿಗೆ ಬೀಳುವ ಕಾರ್ನರಿನವನ, ಅಡ್ಡ ಬರುವ ಕವರಿನವನ ಹೆಸರು ಆಟ ಬಲ್ಲವರಿಗೆ ಮಾತ್ರ ಗೊತ್ತು. ಪೇಂಟ್‌ಬಾಲಿನಲ್ಲೂ ಫೋಟೊಗೆ ಸಿಗುವವನು ಮುಂದಿನವನೇ, ಫ್ರಂಟ್. ಹಾಗೆಂದು ಅವನ ಕೆಲಸವೇನೂ ಸುಲಭದ್ದಲ್ಲ. ಮೈದಾನದ ಒಂದು ಅಂಚಿನುದ್ದಕ್ಕೆ ಗಾಳಿ ತುಂಬಿದ ತೊಲೆಗಳು ಮಲಗಿರುತ್ತವೆ. ಇದೇ ಸ್ನೇಕ್, ಹಾವು. ಸೊಂಟಕ್ಕೂ ಬಾರದ ಎತ್ತರ. ಅದರ ಹಿಂದೆ ನಿಲ್ಲುವುದಿರಲಿ, ಕೂರಲೂ ಆಗದು. ಮೊಣಕೈ, ಮೊಣಕಾಲು, ಎದೆ ನೆಲಕ್ಕೆ ತಿಕ್ಕುತ್ತ ಹಾವಿನ ಹಾಗೇ ಹರಿಯಬೇಕು. ನಡುಗೆರೆಯವರೆಗೆ ಹರಿದವನಿಗೆ ಎದುರಾಳಿಗಳ ಪಕ್ಕೆಗಳು ಬಯಲಾಗುತ್ತವೆ, ಏಕೆಂದರೆ ಅವರು ಮರೆಮಾಡಿಕೊಂಡಿರುವುದು ಎದುರಿನಿಂದ ಬರುವ ಗುಂಡಿಗೆ. ಇನ್ನೊಂದು ಅಂಚಿನಲ್ಲಿ ಸಮೋಸದಾಕಾರದ ಬಂಕರುಗಳ ಸಾಲು; ಅಮೆರಿಕನ್ನರು ತಮ್ಮ ತ್ರಿಕೋನ ಚಿಪ್ಸಿನ ಹೆಸರನ್ನೇ ಅದಕ್ಕಿಟ್ಟು ಡೊರಿಟೊ ಎನ್ನುತ್ತಾರೆ. ಅಲ್ಲಿ ತೆವಳಾಟವಿಲ್ಲ, ಒಂದರಿಂದ ಇನ್ನೊಂದಕ್ಕೆ ಜಿಗಿದಾಟ. ಉದ್ದ ಕಾಲಿನ, ಧೈರ್ಯದ ಓಟಗಾರನನ್ನು ಅಲ್ಲಿಗೆ, ಸಣ್ಣ ಮೈಯ ಚುರುಕಿನವನನ್ನು ಹಾವಿಗೆ ಕಳಿಸುವುದು ಬಹಳ ತಂಡಗಳ ವಾಡಿಕೆ.

ಇಬ್ಬರಿಗೂ ಬೇಕಾದ ಒಂದು ವಿದ್ಯೆ ಎರಡೂ ಕೈಯಲ್ಲಿ ಹೊಡೆಯುವುದು. ಬಲಗೈಯವನು ಬಂಕರಿನ ಎಡ ಮಗ್ಗುಲಿನಿಂದ ಬಲಗೈಯಲ್ಲೇ ಹೊಡೆಯಹೋದರೆ ಅರ್ಧ ಮೈ ಹೊರಗೆ ಬರುತ್ತದೆ. ಎಡಕ್ಕೆ ಎಡಗೈ, ಬಲಕ್ಕೆ ಬಲಗೈ. ಹೊರಗೆ ಇಣುಕಿ ಎರಡು ಗುಂಡು ಬಿಟ್ಟು ಮರಳಿ ಒಳಗಾಗಲು ಒಂದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಇದನ್ನು ದಿನವೂ ನೂರಾರು ಸಲ, ಒಂದೇ ಬಂಕರಿನ ಹಿಂದೆ ಮಂಡಿಯೂರಿ, ಅಭ್ಯಾಸ ಮಾಡುವವರಿದ್ದಾರೆ. ನೋಡಿದರೆ ತಾಳ ಕಲಿಯುವ ಹುಡುಗರ ಪಾಠದಂತೆಯೇ ಇರುತ್ತದೆ.

ಇನ್ನುಳಿದದ್ದು ನಡುವಿನ ಸ್ಥಾನ. ಮಿಡ್ ಎಂದೂ ಇನ್ಸರ್ಟ್ ಎಂದೂ ಕರೆಯುತ್ತಾರೆ. ಹಾವಿನ ಕಡೆಗೊಬ್ಬ, ಡೊರಿಟೊ ಕಡೆಗೊಬ್ಬ ಇರುವುದು ಸಾಮಾನ್ಯ. ನನ್ನ ಮಟ್ಟಿಗೆ ಆಟದ ಬುದ್ಧಿ ಇರುವುದು ಇಲ್ಲಿ. ಮುಂದಿನವನು ಒಂದು ಹೆಜ್ಜೆ ಸರಿಯಬೇಕಾದರೆ ಎದುರಾಳಿ ತಲೆ ಎತ್ತದ ಹಾಗೆ ಅವನ ಬಂಕರಿನ ಅಂಚಿಗೆ ಗುಂಡು ಬಡಿಯುತ್ತಿರುವವನು ಈ ನಡುವಿನವನು. ಮುಂದಿನವನು ಔಟಾದರೆ ಆ ಜಾಗಕ್ಕೆ ಓಡಬೇಕಾದವನೂ ಇವನೇ. ಯಾವಾಗ ಓಡಬೇಕು? ತಕ್ಷಣ ಓಡಿದರೆ, ಈಗಷ್ಟೇ ಒಬ್ಬನನ್ನು ಕೆಡವಿದ ಲೇನ್ ಇನ್ನೂ ಬಿಸಿಯಾಗಿರುತ್ತದೆ. ತಡಮಾಡಿದರೆ ಎದುರಾಳಿಯೇ ಆ ಅಂಚನ್ನು ಆಕ್ರಮಿಸಿರುತ್ತಾನೆ. ಒಬ್ಬ ಹೋದಾಗ ಉಳಿದ ನಾಲ್ವರೂ ಒಂದೊಂದು ಮೆಟ್ಟಿಲು ಬದಲಾಗುತ್ತಾರೆ: ನಡುವಿನವನು ಮುಂದಿನವನಾಗುತ್ತಾನೆ, ಹಿಂದಿನವನು ನಡುವಿಗೆ ಬರುತ್ತಾನೆ. ಇಬ್ಬರೇ ಉಳಿದಾಗ ಸ್ಥಾನ ಎಂಬ ಮಾತೇ ಇರುವುದಿಲ್ಲ, ಅವರಿಬ್ಬರೇ ಐವರಾಗಿರಬೇಕು. ಸ್ಯಾನ್ ಡಿಯೇಗೊ ಡೈನಾಸ್ಟಿಯಂಥ ತಂಡಗಳು ವರ್ಷಗಟ್ಟಲೆ ಒಟ್ಟಿಗೆ ಆಡಿದ ಆಟಗಾರರ ಮೇಲೆ ನಿಂತಿದ್ದು ಇದಕ್ಕೇ ಇರಬೇಕು. ಜೊತೆಗಾರ ಯಾವ ಗಳಿಗೆಯಲ್ಲಿ ಓಡುತ್ತಾನೆ ಎಂಬುದು ಹಳೆಯ ಒಡನಾಟದಿಂದ ಮಾತ್ರ ತಿಳಿಯುವಂಥದ್ದು.

ಐವರ ಹೊರಗೂ ಕೆಲಸದವರಿದ್ದಾರೆ. ಬಂಕರುಗಳ ಜೋಡಣೆ ಪಂದ್ಯದಿಂದ ಪಂದ್ಯಕ್ಕೆ ಬದಲಾಗುತ್ತದೆ. ಅದನ್ನು ಹೆಜ್ಜೆ ಹೆಜ್ಜೆಗೂ ಬಗ್ಗಿ ನೋಡಿ, ಎಲ್ಲಿಂದ ಎಲ್ಲಿಗೆ ಲೇನ್ ಬೀಳುತ್ತದೆ ಎಂದು ಹಾಳೆಯಲ್ಲಿ ಗೆರೆ ಎಳೆಯುವವರು ಕೋಚ್. ಇನ್ನು ಪಿಟ್ಟಿನಲ್ಲಿ, ಅಂದರೆ ಆಟಗಾರರು ಸಜ್ಜಾಗುವ ಜಾಗದಲ್ಲಿ, ಇರುವವರು: ಒಂದು ಪಾಯಿಂಟಿಗೂ ಇನ್ನೊಂದಕ್ಕೂ ನಡುವಿನ ಚಿಕ್ಕ ಬಿಡುವಿನಲ್ಲಿ ಪಾಡುಗಳಿಗೆ ಗುಂಡು ತುಂಬಿ, ಗಾಳಿಯ ಸಿಲಿಂಡರ್ ಬದಲಿಸಿ, ಮಾಸ್ಕಿನ ಗಾಜು ಒರೆಸಿ, ಬೆನ್ನ ಮೇಲಿನ ಹಳೆಯ ಬಣ್ಣ ತೊಳೆದು ಕಳಿಸುತ್ತಾರೆ. ಹಳೆಯ ಬಣ್ಣ ಉಳಿದರೆ ಅಂಪೈರ್ ಅದನ್ನು ಹೊಸ ಏಟೆಂದು ಎಣಿಸಬಹುದಲ್ಲ. ಮನೆಯ ಮದುವೆಯಲ್ಲಿ ಅಡುಗೆಮನೆ ನೋಡಿಕೊಳ್ಳುವವರ ಹಾಗೆ ಇವರು ಊಟದ ಪಂಕ್ತಿಯಲ್ಲಿ ಕಾಣುವುದಿಲ್ಲ.

ಕಾಡಿನ ಪೇಂಟ್‌ಬಾಲ್ ಈಗಲೂ ಇದೆ. ನೂರಾರು ಜನ ಎರಡು ಪಾಳಯವಾಗಿ ದಿನವಿಡೀ ಆಡುವ ಆ ಆಟದಲ್ಲಿ ದಾರಿ ನೋಡಿ ಬರುವವರು, ಬೇಲಿ ಹಾಕುವವರು, ಅಪ್ಪಣೆ ಕೊಡುವವರು ಎಂದು ಕೆಲಸಗಳ ಪಟ್ಟಿ ಇನ್ನೂ ಉದ್ದ.

ಬಯಲಿನ ಆಟದಲ್ಲಿ ಒಂದು ನಿಯಮ ಬಹಳ ಕಠಿಣ. ತನಗೆ ಬಿದ್ದ ಬಣ್ಣವನ್ನು ಗೊತ್ತಾಗದಂತೆ ಒರೆಸಿಕೊಳ್ಳುವುದು ಆಟದ ದೊಡ್ಡ ದ್ರೋಹ. ಬಣ್ಣ ಬಿದ್ದ ಮೇಲೂ ಆಡುತ್ತ ಹೋದವನು ಸಿಕ್ಕಿಬಿದ್ದರೆ ಅವನ ಜೊತೆ ಇನ್ನೊಬ್ಬ ನಿರಪರಾಧಿ ಜೊತೆಗಾರನನ್ನೂ ಅಂಪೈರ್ ಹೊರಗೆ ಎಳೆಯಬಹುದು. ಔಟಾದವನು ಮಾತಾಡುವಂತೆಯೂ ಇಲ್ಲ. ತನ್ನನ್ನು ಹೊಡೆದವನು ಯಾವ ಬಂಕರಿನ ಯಾವ ಮಗ್ಗುಲಲ್ಲಿದ್ದಾನೆ ಎಂದು ಆ ಕ್ಷಣದಲ್ಲಿ ಅವನಷ್ಟು ಸರಿಯಾಗಿ ಬಲ್ಲವರು ಇಡೀ ಮೈದಾನದಲ್ಲಿ ಇನ್ನೊಬ್ಬರಿಲ್ಲ. ಅದೇ ಬಂಕರಿನತ್ತ ಅವನ ಗೆಳೆಯ ತೆವಳಿಕೊಂಡು ಹೋಗುತ್ತಿರುತ್ತಾನೆ. ಇವನು ಕೈ ಮೇಲೆತ್ತಿ, ಆ ಗೆಳೆಯನ ಪಕ್ಕದಲ್ಲೇ, ಬಾಯಿ ಮುಚ್ಚಿಕೊಂಡು ನಡೆದು ಹೊರಗೆ ಹೋಗುತ್ತಾನೆ.