‘ಲಟಕ್’ ಅಂದರೆ ಮೂಳೆ ಕೂತಿತೇ?

ಮೊಬೈಲಿನಲ್ಲಿ ಈ ವಿಡಿಯೋ ನೋಡದವರು ಕಡಿಮೆ. ಮಲಗಿದವರ ಕತ್ತನ್ನು ಒಬ್ಬರು ಹಿಡಿದು ಫಕ್ಕನೆ ತಿರುಗಿಸುತ್ತಾರೆ, ‘ಲಟಕ್’ ಎಂದು ಸದ್ದಾಗುತ್ತದೆ, ಮಲಗಿದವರು ನಗುತ್ತಾ ಏಳುತ್ತಾರೆ. ಇದು ಕೈರೋಪ್ರಾಕ್ಟಿಕ್, ಬೆನ್ನೆಲುಬಿನ ಕೀಲುಗಳನ್ನು ಕೈಯಿಂದ ಒತ್ತಿ ತಿರುಗಿಸುವ ಚಿಕಿತ್ಸೆ. ಬೆಂಗಳೂರಿನಲ್ಲೂ ಇಂಥ ಕ್ಲಿನಿಕ್‌ಗಳಿವೆ.

ನಂಬಿಕೆ: ಸದ್ದು ಬಂದರೆ ಜಾರಿದ ಮೂಳೆ ಜಾಗಕ್ಕೆ ಕೂತಂತೆ.

ಸತ್ಯ: ಬೆರಳ ನೆಟಿಗೆ ಮುರಿದಾಗ ಬರುವುದೂ ಇದೇ ಸದ್ದು. ಕೀಲಿನೊಳಗಿನ ದ್ರವದಲ್ಲಿ ಅನಿಲ ಕರಗಿರುತ್ತದೆ. ಕೀಲನ್ನು ತಟ್ಟನೆ ಎಳೆದರೆ ಒತ್ತಡ ಕುಸಿದು ಅಲ್ಲೊಂದು ಅನಿಲದ ಪೊಳ್ಳು ಮೂಡುತ್ತದೆ, ಸದ್ದು ಬರುವುದು ಆಗಲೇ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಎಂಆರ್‌ಐ ಯಂತ್ರದೊಳಗೇ ಬೆರಳು ಎಳೆದು ಇದನ್ನು ಸೆರೆಹಿಡಿದರು. ಒಮ್ಮೆ ಮುರಿದ ನೆಟಿಗೆ ಸುಮಾರು 20 ನಿಮಿಷ ಮತ್ತೆ ಬಾರದಿರುವುದೂ ಅನಿಲ ಪುನಃ ಕರಗಬೇಕಾದ್ದರಿಂದಲೇ. ಮೂಳೆ ಇದ್ದಲ್ಲೇ ಇರುತ್ತದೆ. ಇನ್ನು ‘ಜಾರಿತು’ ಎನ್ನುವ ಡಿಸ್ಕ್, ಅಂದರೆ ಬೆನ್ನೆಲುಬಿನ ಮೆತ್ತೆ, ಎಲುಬುಗಳ ನಡುವೆ ಭದ್ರವಾಗಿ ಅಂಟಿಕೊಂಡಿರುತ್ತದೆ. ಅದು ಉಬ್ಬಬಹುದು, ಹರಿದು ಒಳಗಿನ ತಿರುಳು ಹೊರಚಾಚಬಹುದು. ಜಾರುವುದಿಲ್ಲವಾದ್ದರಿಂದ ಒಳಗೆ ತಳ್ಳಿ ಕೂರಿಸುವ ಮಾತೂ ಇಲ್ಲ.

ನಂಬಿಕೆ: ಬೆನ್ನೆಲುಬು ನೆಟ್ಟಗಾದರೆ ಎಲ್ಲ ರೋಗವೂ ವಾಸಿ.

ಸತ್ಯ: ಈ ಹೆಗ್ಗಳಿಕೆ ಈ ಪದ್ಧತಿಯ ಹುಟ್ಟಿನಿಂದಲೇ ಬಂದದ್ದು. 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟಿನಲ್ಲಿ ಡಿ.ಡಿ. ಪಾಮರ್ ಎಂಬಾತ ಹಾರ್ವಿ ಲಿಲ್ಲಾರ್ಡ್ ಎಂಬುವರ ಬೆನ್ನೆಲುಬು ಒತ್ತಿ ಕಿವುಡು ಹೋಗಲಾಡಿಸಿದೆನೆಂದ. ಆತ ಆಗ ಆಯಸ್ಕಾಂತೀಯ ಚಿಕಿತ್ಸೆ ಎಂದು ಹೇಳಿಕೊಂಡು ರೋಗಿಗಳನ್ನು ನೋಡುತ್ತಿದ್ದವನು. ಆದರೆ ಕಿವಿಯ ನರ ಬೆನ್ನಿಗಿಳಿಯುವುದೇ ಇಲ್ಲ, ನೇರ ಮಿದುಳಿಗೆ ಹೋಗುತ್ತದೆ! ಮಕ್ಕಳ ಆಸ್ತಮಾ, ಕಿವಿಸೋಂಕಿಗೂ ಇದೇ ಮದ್ದೆಂಬ ಮಾತಿಗೆ ಆಧಾರವಿಲ್ಲವೆಂದು 2008ರಲ್ಲಿ ವಿಜ್ಞಾನ ಲೇಖಕ ಸೈಮನ್ ಸಿಂಗ್ ಬರೆದಾಗ ಬ್ರಿಟನ್ನಿನ ಕೈರೋಪ್ರಾಕ್ಟಿಕ್ ಸಂಘ ಮಾನನಷ್ಟ ಮೊಕದ್ದಮೆ ಹೂಡಿತು. 2010ರಲ್ಲಿ ತಾನೇ ಹಿಂತೆಗೆದುಕೊಂಡಿತು.

ನಂಬಿಕೆ: ಹಾಗಾದರೆ ಎಲ್ಲ ಬುರುಡೆ.

ಸತ್ಯ: ಸೊಂಟನೋವಿಗೆ ಇದರಿಂದ ತುಸು ಉಪಯೋಗವುಂಟು. ಅಮೆರಿಕದ ವೈದ್ಯರ ಕಾಲೇಜು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮಾತ್ರೆಗಿಂತ ಮೊದಲು ನೋಡಬಹುದಾದ ಉಪಾಯಗಳಲ್ಲಿ ಇದೂ ಒಂದು. ಬ್ರಿಟನ್ನಿನ ಮಾರ್ಗಸೂಚಿ, ವ್ಯಾಯಾಮದ ಜೊತೆಗಾದರೆ ಸರಿ ಎನ್ನುತ್ತದೆ. ಆದರೆ ಹೊಸದಾಗಿ ಬಂದ ಸೊಂಟನೋವು ಬಹುಪಾಲು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಮಾತ್ರ ಕೊನೆಗೆ ಕೈಯಾಡಿಸಿದವರಿಗೆ.

ನಂಬಿಕೆ: ಮಾತ್ರೆಯಿಲ್ಲ, ಚುಚ್ಚುಮದ್ದಿಲ್ಲ, ಅಪಾಯವೂ ಇಲ್ಲ.

ಸತ್ಯ: ಕತ್ತಿನ ವಿಷಯದಲ್ಲಿ ನಾನಿದನ್ನು ಒಪ್ಪಲಾರೆ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಎಲುಬುಗಳ ರಂಧ್ರಗಳ ಮೂಲಕವೇ ಹಾದುಹೋಗುತ್ತವೆ. ರಭಸದ ತಿರುವಿಗೆ ನಾಳದ ಒಳಪದರ ಹರಿದು, ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆದ ಉದಾಹರಣೆಗಳಿವೆ. ಅಪರೂಪ ನಿಜ, ಆದರೆ ಆದ ಹಾನಿ ಶಾಶ್ವತವಾಗಿ ಉಳಿಯಬಹುದು. ಕ್ಷೌರ ಮುಗಿಸಿ ಪುಕ್ಕಟೆಯಾಗಿ ಕತ್ತು ತಿರುವುವ ಸಲೂನಿನ ಉಪಚಾರಕ್ಕೂ ಬೇಡವೆನ್ನಿ.

ಬ್ರಿಟನ್ನಿನಲ್ಲಿ 1994ರ ಕಾಯ್ದೆಯಂತೆ ನೋಂದಾಯಿತರು ಮಾತ್ರ ಈ ಹೆಸರಿನಲ್ಲಿ ಕೆಲಸ ಮಾಡಬಹುದು. ನಮ್ಮಲ್ಲಿ ಇದಕ್ಕೆಂದೇ ನೋಂದಣಿ ಮಾಡುವ ಪರಿಷತ್ತಿಲ್ಲ. ಆದ್ದರಿಂದ ಎಲ್ಲಿ, ಎಷ್ಟು ವರ್ಷ ಓದಿದಿರಿ ಎಂದು ಸಂಕೋಚವಿಲ್ಲದೆ ಕೇಳಿ. ಮೂಳೆ ಸವೆತ, ಕ್ಯಾನ್ಸರ್ ಇದ್ದವರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಬೆನ್ನುನೋವಿನ ಜೊತೆ ಕಾಲು ಬಲಗುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಯಾರ ಕೈಗೂ ಬೆನ್ನು ಕೊಡಬೇಡಿ. ಅಂದೇ ಆಸ್ಪತ್ರೆಗೆ ಹೋಗಿ.